ಮುರಿದ ಮೂಳೆಯಲ್ಲಿ ದೈತ್ಯ ಹಕ್ಕಿಯನ್ನು ಕಂಡ ರಿಚರ್ಡ್ ಓವೆನ್

1839ರ ಅಕ್ಟೋಬರ್ ತಿಂಗಳು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಸಂಸ್ಥೆಯ ವಸ್ತುಸಂಗ್ರಹಾಲಯಕ್ಕೆ ಜಾನ್ ರೂಲ್ ಎಂಬ ವೈದ್ಯ ಒಂದು ಮೂಳೆಯನ್ನು ಹಿಡಿದುಕೊಂಡು ಬಂದ. ಉದ್ದ ಸುಮಾರು 6 ಇಂಚು. ಎರಡೂ ತುದಿಗಳು ಮುರಿದು ಹೋಗಿದ್ದವು. ಅದು ನ್ಯೂಜಿಲೆಂಡಿನಿಂದ ಬಂದದ್ದು, ಯಾವುದೋ ದೊಡ್ಡ ಹಕ್ಕಿಯ ಮೂಳೆಯೆಂದು ಅಲ್ಲಿನ ಮಾವೊರಿ ಜನ ಹೇಳುತ್ತಾರೆ, ಬೆಲೆ 10 ಗಿನಿ ಎಂದ.

ಎದುರಿಗೆ ಕೂತಿದ್ದ 35 ವರ್ಷದ ಪ್ರೊಫೆಸರ್‌ಗೆ ಕೈತುಂಬ ಕೆಲಸವಿತ್ತು. ಮೇಲ್ನೋಟಕ್ಕೆ ಅದು ಅಡುಗೆಮನೆಯಲ್ಲಿ ಸಾರಿಗೆ ಹಾಕಿ ಬಿಸಾಡಿದ ದನದ ಮೂಳೆಯಂತೆ ಕಂಡಿತು. ಆದರೂ ಬಂದವನನ್ನು ಬರಿಗೈಯಲ್ಲಿ ಕಳಿಸಲಿಲ್ಲ. ಬಿಟ್ಟುಹೋಗಿ, ನೋಡಿ ಹೇಳುತ್ತೇನೆ ಎಂದ. ಆ ದಿನ ನೋಡಿದ್ದೇ ಅವನ ಹೆಸರನ್ನು ಜಗತ್ತಿನಾದ್ಯಂತ ಕೊಂಡೊಯ್ಯಿತು. ಆ ಮೂಳೆ ಮೋವಾ ಎಂಬ, ರೆಕ್ಕೆಯ ಗುರುತೂ ಇಲ್ಲದ, ಶತಮಾನಗಳ ಹಿಂದೆಯೇ ಅಳಿದುಹೋದ ಹಕ್ಕಿಯದು. ಆ ಪ್ರೊಫೆಸರ್ ರಿಚರ್ಡ್ ಓವೆನ್.

ಇವತ್ತು ಮಕ್ಕಳಿಗೂ ಗೊತ್ತಿರುವ ಡೈನೋಸಾರ್ ಎಂಬ ಪದ ಓವೆನ್ ಕೊಟ್ಟದ್ದು. ಲಂಡನ್ನಿಗೆ ಹೋದ ಪ್ರವಾಸಿಗರು ತಪ್ಪದೇ ನೋಡುವ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಎದ್ದು ನಿಂತದ್ದು ಆತನ ಹಟದಿಂದ. ಇಷ್ಟೆಲ್ಲ ಮಾಡಿದವನನ್ನು ಅವನ ಕಾಲದ ವಿಜ್ಞಾನಿಗಳಲ್ಲಿ ಅನೇಕರು ಮನಸಾರೆ ದ್ವೇಷಿಸುತ್ತಿದ್ದರು. ಸತ್ತ ಹಕ್ಕಿಗೆ ಅದರ ಹೆಸರನ್ನು ಕೊಟ್ಟವನು, ಬದುಕಿದ್ದ ಮನುಷ್ಯರಿಗೆ ಅವರ ಪಾಲಿನ ಹೆಸರನ್ನು ಕೊಡಲು ಹಿಂದೆಗೆದ ಎಂಬುದೇ ಅವರೆಲ್ಲರ ದೂರಾಗಿತ್ತು.

ಲ್ಯಾಂಕಾಸ್ಟರ್‌ನ ಹುಡುಗ

ಓವೆನ್ ಹುಟ್ಟಿದ್ದು 1804ರ ಜುಲೈ 20ರಂದು, ಇಂಗ್ಲೆಂಡಿನ ಉತ್ತರ ಭಾಗದ ಲ್ಯಾಂಕಾಸ್ಟರ್ ಪಟ್ಟಣದಲ್ಲಿ. ತಂದೆ ವೆಸ್ಟ್ ಇಂಡೀಸ್ ಜೊತೆ ವ್ಯಾಪಾರ ನಡೆಸುತ್ತಿದ್ದವರು. ಹುಡುಗನಿಗೆ ಐದು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಮಕ್ಕಳನ್ನು ಸಾಕುವ ಹೊಣೆ ತಾಯಿ ಕ್ಯಾಥರೀನ್ ಮೇಲೆ ಬಿತ್ತು.

ಊರಿನ ಗ್ರಾಮರ್ ಶಾಲೆಯಲ್ಲಿ ಓವೆನ್ ಮೇಷ್ಟ್ರುಗಳ ಮೆಚ್ಚಿನ ಹುಡುಗನೇನೂ ಆಗಿರಲಿಲ್ಲ. 16ನೇ ವಯಸ್ಸಿಗೆ ಊರಿನ ಸರ್ಜನ್ ಒಬ್ಬರ ಬಳಿ ಕೆಲಸ ಕಲಿಯಲು ಸೇರಿಸಿದರು. ಮದ್ದು ಅರೆಯುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ದಿನದ ಕೆಲಸ. ಲ್ಯಾಂಕಾಸ್ಟರ್ ಜೈಲಿನಲ್ಲಿ ಕೈದಿಗಳು ಸತ್ತಾಗ ಶವಪರೀಕ್ಷೆಗೂ ಹೋಗಬೇಕಿತ್ತು. ಉಳಿದ ಹುಡುಗರು ಹೆದರುತ್ತಿದ್ದ ಆ ಕೋಣೆಯಲ್ಲೇ ಓವೆನ್‌ಗೆ ತನ್ನ ದಾರಿ ಕಂಡಿತು. ರೋಗ ವಾಸಿ ಮಾಡುವುದಕ್ಕಿಂತ ದೇಹದ ಒಳಗಿನ ರಚನೆಯನ್ನು ಅರಿಯುವುದರಲ್ಲಿ ಅವನಿಗೆ ಹೆಚ್ಚು ಆಸಕ್ತಿ ಮೂಡಿತು.

1824ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ಹೋದ. ಅಲ್ಲಿ ಹೆಚ್ಚು ದಿನ ನಿಲ್ಲದೆ ಲಂಡನ್ನಿನ ಸೇಂಟ್ ಬಾರ್ಥೊಲೊಮ್ಯೂ ಆಸ್ಪತ್ರೆಗೆ ಬಂದು, ಜಾನ್ ಅಬರ್ನೆಥಿ ಎಂಬ ಹೆಸರಾಂತ ಸರ್ಜನ್ ಕೈಕೆಳಗೆ ಸೇರಿದ. ಹುಡುಗನ ಕೈಚಳಕವನ್ನು ಗುರುತಿಸಿದ ಅಬರ್ನೆಥಿಯ ಬೆಂಬಲದಿಂದ 1827ರಲ್ಲಿ ಓವೆನ್‌ಗೆ ಸರ್ಜನ್ಸ್ ಕಾಲೇಜಿನ ವಸ್ತುಸಂಗ್ರಹಾಲಯದಲ್ಲಿ ಸಹಾಯಕನ ಕೆಲಸ ಸಿಕ್ಕಿತು. ವೈದ್ಯನಾಗಿ ದುಡ್ಡು ಮಾಡುವ ದಾರಿ ಅಲ್ಲಿಗೆ ಕೊನೆಯಾಯಿತು.

ಸುಟ್ಟುಹೋದ ಹಸ್ತಪ್ರತಿಗಳ ಮನೆ

ಆ ಸಂಗ್ರಹದ ಹಿಂದೆ ದೊಡ್ಡ ಕಥೆಯೇ ಇದೆ. 18ನೇ ಶತಮಾನದ ಪ್ರಸಿದ್ಧ ಸರ್ಜನ್ ಜಾನ್ ಹಂಟರ್ ತನ್ನ ಗಳಿಕೆಯನ್ನೆಲ್ಲ ಸುರಿದು ಸಾವಿರಾರು ಪ್ರಾಣಿಗಳ ಅಂಗಗಳನ್ನು, ಅಸ್ಥಿಪಂಜರಗಳನ್ನು ಕೂಡಿಹಾಕಿದ್ದ. 1793ರಲ್ಲಿ ಹಂಟರ್ ಸತ್ತಾಗ ಅವುಗಳ ವಿವರಗಳೆಲ್ಲ ಅವನ ಹಸ್ತಪ್ರತಿಗಳಲ್ಲಿದ್ದವು. ಹಂಟರ್‌ನ ಬಾಮೈದ ಎವರಾರ್ಡ್ ಹೋಮ್ ಆ ಕಾಗದಗಳನ್ನು ತನ್ನ ಮನೆಗೆ ಸಾಗಿಸಿದ. ಅದರಲ್ಲಿದ್ದುದನ್ನು ತನ್ನದೆಂಬಂತೆ ಒಂದರ ಮೇಲೊಂದು ಪ್ರಬಂಧವಾಗಿ ಪ್ರಕಟಿಸಿದ. ಕೊನೆಗೆ 1823ರಲ್ಲಿ ಅಷ್ಟನ್ನೂ ಬೆಂಕಿಗೆ ಹಾಕಿದ.

ಹಂಟರ್‌ನ ಕೊನೆಯ ಶಿಷ್ಯ ವಿಲಿಯಂ ಕ್ಲಿಫ್ಟ್. ಸಂಗ್ರಹವನ್ನು ಕಾಯುತ್ತ ಬಂದವನೂ ಅವನೇ. ಯೌವನದಲ್ಲಿ ಹಸ್ತಪ್ರತಿಗಳ ಒಂದಿಷ್ಟು ಭಾಗವನ್ನು ತನ್ನ ಕೈಯಿಂದ ನಕಲು ಮಾಡಿಟ್ಟುಕೊಂಡಿದ್ದರಿಂದ ಅಷ್ಟಾದರೂ ಉಳಿಯಿತು. ಓವೆನ್ ಸಹಾಯಕನಾಗಿ ಸೇರಿದ್ದು ಇದೇ ಕ್ಲಿಫ್ಟ್ ಬಳಿ. ಸಾವಿರಾರು ಗಾಜಿನ ಜಾಡಿಗಳಲ್ಲಿ ಇರುವುದು ಯಾವ ಪ್ರಾಣಿಯ ಯಾವ ಅಂಗ ಎಂಬುದನ್ನು ಹೊಸದಾಗಿ ಕಂಡುಹಿಡಿದು ಪಟ್ಟಿ ಮಾಡಬೇಕಿತ್ತು. ಅದಕ್ಕಾಗಿ ಓವೆನ್ ಪ್ರಾಣಿಗಳನ್ನು ಕೊಯ್ದು, ಜಾಡಿಯಲ್ಲಿದ್ದುದರ ಜೊತೆ ಹೋಲಿಸಿ ನೋಡುತ್ತಿದ್ದ. ಲಂಡನ್ ಮೃಗಾಲಯದಲ್ಲಿ ಪ್ರಾಣಿ ಸತ್ತರೆ ಮೊದಲ ಕರೆ ಅವನಿಗೇ ಬರುತ್ತಿತ್ತು.

1830ರಲ್ಲಿ ಫ್ರಾನ್ಸಿನ ಜಾರ್ಜ್ ಕ್ಯುವಿಯೆ ಲಂಡನ್ನಿಗೆ ಬಂದಾಗ ಓವೆನ್‌ಗೆ ಪರಿಚಯವಾಯಿತು. ಮರುವರ್ಷ ಓವೆನ್ ಪ್ಯಾರಿಸ್ಸಿಗೆ ಹೋಗಿ ಅಲ್ಲಿನ ಸಂಗ್ರಹವನ್ನು ನೋಡಿಬಂದ. ಪ್ರಾಣಿಯ ಒಂದು ಅಂಗಕ್ಕೂ ಇನ್ನೊಂದು ಅಂಗಕ್ಕೂ ಬಿಡಿಸಲಾಗದ ನಂಟಿದೆ, ಆದ್ದರಿಂದ ಒಂದು ಭಾಗ ಸಿಕ್ಕರೆ ಉಳಿದದ್ದನ್ನು ಊಹಿಸಬಹುದು ಎಂಬುದು ಕ್ಯುವಿಯೆಯ ಪಾಠ. ಅದನ್ನು ಓವೆನ್ ಜೀವನಪೂರ್ತಿ ಬಿಡಲಿಲ್ಲ.

ಕ್ಲಿಫ್ಟ್ ಮಗಳು ಕ್ಯಾರೊಲೀನ್ ಜೊತೆ ಮದುವೆ ನಿಶ್ಚಯವಾದರೂ ವರ್ಷಗಟ್ಟಲೆ ಕಾಯಬೇಕಾಯಿತು. 1835ರಲ್ಲಿ, ಓವೆನ್ ಹುಟ್ಟುಹಬ್ಬದ ದಿನವೇ ಮದುವೆ ನಡೆಯಿತು. ಒಮ್ಮೆ ಆಕೆ ಮನೆಗೆ ಬಂದಾಗ ನಡುಮನೆಯ ಹಾದಿಯಲ್ಲೇ ಸತ್ತ ಘೇಂಡಾಮೃಗ ಬಿದ್ದಿತ್ತಂತೆ. ಬೇರೆ ಹೆಂಡತಿಯಾಗಿದ್ದರೆ ತವರಿಗೆ ಹೊರಡುತ್ತಿದ್ದಳೇನೋ. ಆದರೆ ಕ್ಯಾರೊಲೀನ್ ಬೆಳೆದದ್ದೇ ಎಲುಬು, ಜಾಡಿಗಳ ನಡುವೆ. ಬೇರೆಯವರ ದುಡಿಮೆಯನ್ನು ಕದ್ದು ಹೆಸರು ಮಾಡಿದವನ ಕಥೆಯನ್ನೂ ಆ ಮನೆಯ ಪ್ರತಿಯೊಬ್ಬರೂ ಬಲ್ಲವರಾಗಿದ್ದರು. ಕ್ಲಿಫ್ಟ್ ಉಳಿಸಿದ್ದ ನಕಲನ್ನು 1861ರಲ್ಲಿ ಹಂಟರ್ ಹೆಸರಿನಲ್ಲೇ ಪ್ರಕಟಿಸಿ ಆ ಸತ್ತ ಗುರುವಿಗೆ ನ್ಯಾಯ ಒದಗಿಸಿದವನೂ ಓವೆನ್ನೇ.

ಒಂದು ಮೂಳೆ, ಒಂದು ಪಂದ್ಯ

ರೂಲ್ ಬಿಟ್ಟುಹೋದ ಆ 6 ಇಂಚಿನ ತುಂಡಿಗೆ ಮತ್ತೆ ಬರೋಣ. ಅದು ತೊಡೆಯೆಲುಬಿನ ನಡುಭಾಗ ಎಂಬುದು ಓವೆನ್‌ಗೆ ಬೇಗ ಹೊಳೆಯಿತು. ಆದರೆ ಯಾವ ಪ್ರಾಣಿಯ ತೊಡೆ? ಪಕ್ಕದಲ್ಲೇ ಇದ್ದ ಅಸ್ಥಿಪಂಜರಗಳ ಸಾಲಿಗೆ ಅದನ್ನು ಒಯ್ದ. ದನದ ಎಲುಬಿನ ಪಕ್ಕ ಹಿಡಿದ, ಹೊಂದಲಿಲ್ಲ. ಕುದುರೆ, ಮನುಷ್ಯ, ಹೀಗೆ ಒಂದೊಂದನ್ನೇ ದಾಟುತ್ತ ಬಂದ. ಯಾವುದೂ ತಾಳೆಯಾಗಲಿಲ್ಲ.

ಗುಟ್ಟು ಮೂಳೆಯ ಒಳಮೈಯಲ್ಲಿತ್ತು. ದನ, ಕುದುರೆಗಳಂಥ ಸಸ್ತನಿಗಳ ತೊಡೆಯೆಲುಬಿನ ನಡುವೆ ನೆಣ ತುಂಬಿದ ಟೊಳ್ಳು ಇರುತ್ತದೆ, ಅದರ ಗೋಡೆ ನುಣುಪು. ಹದ್ದಿನಂಥ ಹಾರುವ ಹಕ್ಕಿಯ ಎಲುಬಿನೊಳಗೆ ಗಾಳಿ ಆಡುತ್ತದೆ, ಗೋಡೆ ತೆಳು. ಇದು ಎರಡೂ ಅಲ್ಲ. ಗೋಡೆ ದಪ್ಪ, ಒಳಗೆಲ್ಲ ಜೇನುಗೂಡಿನಂಥ ಒರಟು ಬಲೆ. ಕೊನೆಗೆ ಉಷ್ಟ್ರಪಕ್ಷಿಯ ತೊಡೆಯೆಲುಬಿನ ಪಕ್ಕ ಹಿಡಿದಾಗ ಸಂಬಂಧ ಕಂಡಿತು. ಹಾಗಿದ್ದರೆ ಇದು ಹಕ್ಕಿಯೇ. ಹಾರಲಾರದ ಹಕ್ಕಿ. ಗಾತ್ರದಲ್ಲಿ ಉಷ್ಟ್ರಪಕ್ಷಿಗೆ ಕಡಿಮೆಯಿಲ್ಲ, ಮೈಕಟ್ಟು ಅದಕ್ಕಿಂತ ಭಾರ, ನಡಿಗೆ ನಿಧಾನ.

1839ರ ನವೆಂಬರ್ 12ರಂದು ಜುವಾಲಜಿಕಲ್ ಸೊಸೈಟಿಯ ಸಭೆಯಲ್ಲಿ ಓವೆನ್ ಇದನ್ನು ಮಂಡಿಸಿದ. ಕೇಳಿದವರಿಗೆ ನಂಬಿಕೆ ಬರಲಿಲ್ಲ. ನ್ಯೂಜಿಲೆಂಡ್ ಸಮುದ್ರದ ಮಧ್ಯದ ದ್ವೀಪ. ಬಾವಲಿಗಳನ್ನು ಬಿಟ್ಟರೆ ನೆಲದ ಮೇಲೆ ಅದರದೇ ಆದ ಸಸ್ತನಿಯೂ ಇರದಿದ್ದ ಆ ನಾಡಿನಲ್ಲಿ ಉಷ್ಟ್ರಪಕ್ಷಿಯಷ್ಟು ದೊಡ್ಡ ಹಕ್ಕಿಯೇ? ಅದೂ ಕೈಯಗಲದ ಒಂದು ತುಂಡಿನ ಆಧಾರದಿಂದ? ಪ್ರಬಂಧವನ್ನು ಅಚ್ಚು ಹಾಕಿಸಲು ಸೊಸೈಟಿಯ ಪ್ರಕಟಣಾ ಸಮಿತಿಯೇ ಹಿಂದೇಟು ಹಾಕಿತು. ಕೊನೆಗೆ, ತಪ್ಪಾದರೆ ಹೊಣೆ ಲೇಖಕನದೇ ಎಂಬ ಷರತ್ತಿನ ಮೇಲೆ ಒಪ್ಪಿತು. ಮೂಳೆಯನ್ನು ಕೊಳ್ಳಲು ಕಾಲೇಜು ಮನಸ್ಸು ಮಾಡಲಿಲ್ಲ. ಅದು ಬ್ರಿಸ್ಟಲ್‌ನ ಸಂಗ್ರಾಹಕರೊಬ್ಬರ ಪಾಲಾಯಿತು.

ಓವೆನ್ ತನ್ನ ಮಾನವನ್ನೇ ಪಣಕ್ಕಿಟ್ಟಿದ್ದ. ಊಹೆ ತಪ್ಪಿದ್ದರೆ ನಗೆಪಾಟಲಾಗಿ, ಕಷ್ಟಪಟ್ಟು ಏರಿದ ಮೆಟ್ಟಿಲಿಂದ ಕೆಳಗೆ ಬೀಳುತ್ತಿದ್ದ. ಆತ ಮಾಡಿದ ಜಾಣತನದ ಕೆಲಸವೆಂದರೆ, ಪ್ರಬಂಧದ 100 ಪ್ರತಿಗಳನ್ನು ಹೆಚ್ಚಿಗೆ ಅಚ್ಚು ಹಾಕಿಸಿ ನ್ಯೂಜಿಲೆಂಡಿನಲ್ಲಿ ಹಂಚಲು ಕಳಿಸಿದ್ದು. ಇಂಥ ಮೂಳೆ ಕಂಡರೆ ತಿಳಿಸಿ ಎಂಬ ಕೋರಿಕೆ ಅದರ ಹಿಂದಿತ್ತು.

ಕಾದದ್ದು ಮೂರು ವರ್ಷಕ್ಕೂ ಮೇಲೆ. 1843ರ ಜನವರಿಯಲ್ಲಿ ನ್ಯೂಜಿಲೆಂಡಿನ ಪಾವರ್ಟಿ ಬೇ ಪ್ರದೇಶದ ಪಾದ್ರಿ ವಿಲಿಯಂ ವಿಲಿಯಮ್ಸ್ ಕಳಿಸಿದ ಮೂಳೆಗಳು ಭೂವಿಜ್ಞಾನಿ ವಿಲಿಯಂ ಬಕ್ಲಂಡ್ ಮೂಲಕ ಓವೆನ್ ಕೈ ಸೇರಿದವು. ಪೆಟ್ಟಿಗೆ ತೆರೆದಾಗ ಅಲ್ಲಿದ್ದವು ಇಡೀ ಕಾಲಿನ ಎಲುಬುಗಳು. ಓವೆನ್ ಹೇಳಿದ್ದು ನಿಜವಾಗಿತ್ತು. ಅಷ್ಟೇ ಅಲ್ಲ, ಹಕ್ಕಿ ಆತ ಊಹಿಸಿದ್ದಕ್ಕಿಂತಲೂ ದೊಡ್ಡದಾಗಿತ್ತು. ಓವೆನ್ ಅದಕ್ಕೆ ಡೈನಾರ್ನಿಸ್ ಎಂದು ಹೆಸರಿಟ್ಟ. ಭಯಂಕರ ಹಕ್ಕಿ ಎಂದು ಅದರ ಅರ್ಥ. ಹಿಂದಿನ ವರ್ಷ ಅಚ್ಚಾದ ವರದಿಯಲ್ಲಿ ಅದೇ ಗ್ರೀಕ್ ಮೂಲದಿಂದ ಭಯಂಕರ ಹಲ್ಲಿ ಎಂಬರ್ಥದ ಡೈನೋಸಾರ್ ಪದವನ್ನೂ ಕಟ್ಟಿಕೊಟ್ಟಿದ್ದ.

ಮರೆತುಹೋದ ಹೆಸರುಗಳು

ಸುದ್ದಿ ಹಬ್ಬಿತು. ತುಂಡು ಮೂಳೆಯಿಂದ ಹಕ್ಕಿಯನ್ನು ಎಬ್ಬಿಸಿದ ಮಾಂತ್ರಿಕನೆಂಬ ಖ್ಯಾತಿ ಓವೆನ್‌ಗೆ ಬಂತು. ಆದರೆ ಕಥೆ ಬಾಯಿಂದ ಬಾಯಿಗೆ ಹೋದಂತೆ ಅದರಲ್ಲಿನ ಪಾತ್ರಗಳು ಕಡಿಮೆಯಾಗುತ್ತ ಬಂದವು. ಇದು ದೊಡ್ಡ ಹಕ್ಕಿಯ ಮೂಳೆ ಎಂಬ ಮಾವೊರಿಗಳ ಮಾತನ್ನು ಹೊತ್ತು ತಂದದ್ದು ರೂಲ್. ಆ ಮಾತನ್ನು ಮೊದಲು ಹೇಳಿದ್ದು ಆ ನೆಲದ ಮಾವೊರಿ ಜನ. ಅಳಿದುಹೋದದ್ದನ್ನು ಮೋವಾಗೆ ಹೋಲಿಸುವ ರೂಢಿ ಅವರ ಭಾಷೆಯಲ್ಲೇ ಇದೆ. ನ್ಯೂಜಿಲೆಂಡಿನಲ್ಲಿ ಮುದ್ರಣದ ಕೆಲಸ ಮಾಡುತ್ತಿದ್ದ ವಿಲಿಯಂ ಕೊಲೆನ್ಸೊ ಎಂಬಾತ ಊರೂರು ಸುತ್ತಿ, ಮಾವೊರಿಗಳನ್ನು ವಿಚಾರಿಸಿ, ಮೂಳೆಗಳನ್ನು ಕಲೆಹಾಕಿ, ಇದು ಉಷ್ಟ್ರಪಕ್ಷಿಯ ಬಳಗದ ಹಕ್ಕಿ ಎಂದು ತನ್ನಷ್ಟಕ್ಕೆ ತೀರ್ಮಾನಕ್ಕೆ ಬಂದಿದ್ದ. ಆತ ಬರೆದದ್ದು ಟಾಸ್ಮೇನಿಯಾದ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಅದು ಲಂಡನ್ ತಲುಪುವಷ್ಟರಲ್ಲಿ ಹಕ್ಕಿ ಓವೆನ್ ಹೆಸರಿಗೆ ಅಂಟಿಯಾಗಿತ್ತು.

ಎಂಥ ಹಕ್ಕಿ ಈ ಮೋವಾ?

ಪಾಲಿನೇಷ್ಯಾದ ಭಾಷೆಗಳಲ್ಲಿ ಮೋವಾ ಎಂದರೆ ಕೋಳಿ. ಆದರೆ ಈ ಕೋಳಿಯ ಬೆನ್ನೇ ಆಳೆತ್ತರ. ಮೋವಾಗಳಲ್ಲಿ 9 ಜಾತಿಗಳಿದ್ದವೆಂದು ಈಗ ಲೆಕ್ಕ. ಟರ್ಕಿ ಕೋಳಿಗಿಂತ ತುಸು ದೊಡ್ಡವೂ ಇದ್ದವು. ಡೈನಾರ್ನಿಸ್ ಜಾತಿಯ ಹೆಣ್ಣು ಕತ್ತು ಚಾಚಿದರೆ ಸುಮಾರು 12 ಅಡಿ ಎತ್ತರದ ಎಲೆಯನ್ನು ಕಿತ್ತು ತಿನ್ನಬಲ್ಲದಾಗಿತ್ತು. ತೂಕ 200 ಕಿಲೋ ದಾಟುತ್ತಿತ್ತು. ಉಷ್ಟ್ರಪಕ್ಷಿಗೆ, ಎಮುವಿಗೆ, ಕೊನೆಗೆ ಪುಟ್ಟ ಕಿವಿಗೂ ಹೆಸರಿಗಾದರೂ ರೆಕ್ಕೆಯಿದೆ. ಮೋವಾಗೆ ರೆಕ್ಕೆಯ ಒಂದು ಎಲುಬೂ ಇರಲಿಲ್ಲ.

ನ್ಯೂಜಿಲೆಂಡಿನ ಕಾಡಿನಲ್ಲಿ ಅದಕ್ಕಿದ್ದ ಶತ್ರು ಒಂದೇ, ಹಾಸ್ಟ್ಸ್ ಈಗಲ್ ಎಂಬ ಭಾರೀ ಹದ್ದು. ಸುಮಾರು 13ನೇ ಶತಮಾನದ ಕೊನೆಗೆ ದೋಣಿಗಳಲ್ಲಿ ಮನುಷ್ಯರು ಬಂದಿಳಿದರು. ಮೋವಾ ನಿಧಾನವಾಗಿ ಬೆಳೆಯುವ, ಕಡಿಮೆ ಮೊಟ್ಟೆಯಿಡುವ ಹಕ್ಕಿ. ಮಾಂಸಕ್ಕೆ ಬೇಟೆಯಾಯಿತು, ಮೊಟ್ಟೆ ಆಹಾರವಾಯಿತು, ಕಾಡು ಬೆಂಕಿಗೆ ಆಹುತಿಯಾಯಿತು. ಒಂದೂವರೆ ಶತಮಾನ ಕಳೆಯುವಷ್ಟರಲ್ಲಿ ಒಂದೂ ಉಳಿಯಲಿಲ್ಲ. ಮೋವಾವನ್ನೇ ನಂಬಿಕೊಂಡಿದ್ದ ಹದ್ದೂ ಅದರ ಹಿಂದೆಯೇ ಹೋಯಿತು. ಮೋವಾ ಅಳಿದದ್ದು ಮನುಷ್ಯರ ಕೈಯಿಂದಲೇ ಎಂದು ಓವೆನ್ ಕೂಡ ನಂಬಿದ್ದ.

ಓವೆನ್ ಎಲ್ಲದರಲ್ಲೂ ಸರಿಯಿರಲಿಲ್ಲ. ಗಾತ್ರ ಬೇರೆಯಾದರೆ ಜಾತಿಯೂ ಬೇರೆ ಎಂದುಕೊಂಡು ಡೈನಾರ್ನಿಸ್‌ಗೆ ಹಲವು ಹೆಸರುಗಳನ್ನು ಕೊಟ್ಟ. 2003ರಲ್ಲಿ ಎಲುಬಿನ ಡಿಎನ್‌ಎ ಪರೀಕ್ಷಿಸಿದಾಗ, ದೊಡ್ಡ ಜಾತಿ, ಸಣ್ಣ ಜಾತಿ ಎಂದುಕೊಂಡಿದ್ದು ಒಂದೇ ಜಾತಿಯ ಹೆಣ್ಣು ಮತ್ತು ಗಂಡು ಎಂಬುದು ತಿಳಿಯಿತು. ಗಂಡಿನ ತೂಕ ಹೆಣ್ಣಿನ ಅರ್ಧದಷ್ಟೂ ಇರಲಿಲ್ಲ. ಮೋವಾಗೆ ಹತ್ತಿರದ ನೆಂಟ ಪಕ್ಕದ ಕಿವಿಯಲ್ಲ, ದಕ್ಷಿಣ ಅಮೆರಿಕದ ಟಿನಮೂ ಎಂಬ, ಹಾರಬಲ್ಲ ಪುಟ್ಟ ಹಕ್ಕಿ ಎಂದೂ ಗೊತ್ತಾಯಿತು.

ಮಾಂಟೆಲ್ ತಂದೆ, ಮಗ

ಓವೆನ್ ಬದುಕಿನ ಕಹಿ ಅಧ್ಯಾಯಕ್ಕೂ ಮೋವಾಗೂ ನಂಟಿದೆ. ಗಿಡಿಯನ್ ಮಾಂಟೆಲ್ ಸಸೆಕ್ಸ್ ಪ್ರಾಂತ್ಯದ ವೈದ್ಯ. ರೋಗಿಗಳನ್ನು ನೋಡುವ ನಡುವೆಯೇ ಪಳೆಯುಳಿಕೆಗಳನ್ನು ಹುಡುಕುತ್ತ ಇಗ್ವಾನೋಡಾನ್ ಎಂಬ ದೈತ್ಯ ಸರೀಸೃಪವನ್ನು 1825ರಲ್ಲಿ ಲೋಕಕ್ಕೆ ಪರಿಚಯಿಸಿದವನು. ಓವೆನ್ ಡೈನೋಸಾರ್ ಎಂಬ ಗುಂಪನ್ನು ಮಾಡಿದಾಗ ಅದರಲ್ಲಿದ್ದ ಮೂರು ಪ್ರಾಣಿಗಳಲ್ಲಿ ಎರಡು ಮಾಂಟೆಲ್ ಹೆಸರಿಸಿದವು. ಆದರೆ ಕೀರ್ತಿಯ ಸಿಂಹಪಾಲು ಗುಂಪಿಗೆ ಹೆಸರು ಕೊಟ್ಟವನಿಗೆ ಹೋಯಿತು. 1841ರಲ್ಲಿ ಕುದುರೆಗಾಡಿಯ ಅಪಘಾತದಲ್ಲಿ ಬೆನ್ನುಮೂಳೆಗೆ ಪೆಟ್ಟಾದ ಮೇಲೆ ಮಾಂಟೆಲ್ ನೋವಿನಲ್ಲೇ ದಿನ ದೂಡಿದ.

ಮಾಂಟೆಲ್ ಮಗ ವಾಲ್ಟರ್ ನ್ಯೂಜಿಲೆಂಡಿಗೆ ವಲಸೆ ಹೋಗಿದ್ದ. 1847ರಲ್ಲಿ ಅಲ್ಲಿನ ನದಿಯೊಂದರ ದಡದ ಮರಳಿನಲ್ಲಿ ಸಿಕ್ಕ ನೂರಾರು ಮೋವಾ ಮೂಳೆಗಳನ್ನು ತಂದೆಗೆ ಕಳಿಸಿದ. ಅಪ್ಪ ಮಾಂಟೆಲ್ ಅವನ್ನು ಬೀರುವಿನಲ್ಲಿಟ್ಟು ಬೀಗ ಹಾಕಲಿಲ್ಲ. ಮೋವಾ ಬಗ್ಗೆ ಹೆಚ್ಚು ಬಲ್ಲವನು ಓವೆನ್ ಎಂಬ ಕಾರಣಕ್ಕೆ, ತನ್ನನ್ನು ನೋಯಿಸಿದವನ ಮುಂದೆಯೇ ಅವನ್ನಿಟ್ಟ. ಅದರಲ್ಲಿದ್ದ ಬೇರೊಂದು ಹಾರಲಾರದ ಹಕ್ಕಿಗೆ ಓವೆನ್ 1848ರಲ್ಲಿ ಮಾಂಟೆಲ್ ಎಂಬ ಹೆಸರನ್ನು ಸೇರಿಸಿ ನೋಟಾರ್ನಿಸ್ ಮಾಂಟೆಲಿ ಎಂದು ಹೆಸರಿಟ್ಟ. ಅಳಿದೇ ಹೋಯಿತೆಂದು ನಂಬಿದ್ದ ಆ ಬಳಗದ ಟಕಾಹೆ ಹಕ್ಕಿ 1948ರಲ್ಲಿ ನ್ಯೂಜಿಲೆಂಡಿನ ಬೆಟ್ಟಗಳಲ್ಲಿ ಜೀವಂತವಾಗಿ ಸಿಕ್ಕಿದ್ದು ಬೇರೆಯದೇ ಸಂತೋಷದ ಕಥೆ.

ಇಷ್ಟಾದರೂ ಓವೆನ್ ಮೃದುವಾಗಲಿಲ್ಲ. 1849ರಲ್ಲಿ ಮಾಂಟೆಲ್‌ಗೆ ರಾಯಲ್ ಸೊಸೈಟಿಯ ಪದಕ ಕೊಡುವ ಮಾತು ಬಂದಾಗ ವಿರೋಧಿಸಿದ. ಪದಕವೇನೋ ಮಾಂಟೆಲ್‌ಗೆ ಸಿಕ್ಕಿತು. ಓವೆನ್‌ಗೆ ಅಂಥದ್ದೇ ಪದಕ ಅದಕ್ಕೂ ಮೊದಲು, 1846ರಲ್ಲಿ ಬಂದಿತ್ತು. ಯಾವ ಪಳೆಯುಳಿಕೆಯ ಅಧ್ಯಯನಕ್ಕಾಗಿ ಅದನ್ನು ಕೊಟ್ಟರೋ, ಆ ಜೀವಿಯನ್ನು ಇನ್ನೊಬ್ಬರು ನಾಲ್ಕು ವರ್ಷ ಮುಂಚೆಯೇ ವಿವರಿಸಿದ್ದರು. ಓವೆನ್ ಅವರ ಹೆಸರೆತ್ತಿರಲಿಲ್ಲ.

ಮಾಂಟೆಲ್ 1852ರಲ್ಲಿ ತೀರಿಕೊಂಡ. ನೋವು ಮರೆಯಲು ತೆಗೆದುಕೊಳ್ಳುತ್ತಿದ್ದ ಅಫೀಮೇ ಹೆಚ್ಚಾಗಿತ್ತು. ಪತ್ರಿಕೆಯೊಂದರಲ್ಲಿ ಅವನನ್ನು ಹೀಗಳೆಯುವ, ಹೆಸರಿಲ್ಲದ ಶ್ರದ್ಧಾಂಜಲಿ ಬಂತು. ಅದನ್ನು ಬರೆದವನು ಯಾರೆಂದು ಲಂಡನ್ನಿನ ವಿಜ್ಞಾನಿಗಳಿಗೆ ಅನುಮಾನವೇ ಇರಲಿಲ್ಲ, ಎಲ್ಲರ ಬೆರಳೂ ಓವೆನ್ ಕಡೆಗಿತ್ತು. ಮಾಂಟೆಲ್‌ನ ಡೊಂಕಾದ ಬೆನ್ನುಮೂಳೆಯನ್ನು ಸರ್ಜನ್ಸ್ ಕಾಲೇಜಿನ ವಸ್ತುಸಂಗ್ರಹಾಲಯದಲ್ಲಿಯೇ ಇರಿಸಲಾಯಿತು.

1853ರ ಡಿಸೆಂಬರ್ 31ರ ರಾತ್ರಿ ಕ್ರಿಸ್ಟಲ್ ಪ್ಯಾಲೇಸ್ ಉದ್ಯಾನಕ್ಕಾಗಿ ಕಟ್ಟುತ್ತಿದ್ದ ಇಗ್ವಾನೋಡಾನ್ ಮಾದರಿಯ ಹೊಟ್ಟೆಯೊಳಗೆ ಔತಣ ನಡೆಯಿತು. ತಲೆಯ ಭಾಗದ ಆಸನ ಓವೆನ್‌ಗೆ. ಆ ಮಾದರಿ ಘೇಂಡಾಮೃಗದಂತೆ ನಾಲ್ಕು ಕಾಲಿನ ಮೇಲೆ ನಿಂತಿತ್ತು. ಮುಂಗಾಲು ಸಣ್ಣವು, ಹಿಂಗಾಲೇ ಬಲಿಷ್ಠ ಎಂದು ಮಾಂಟೆಲ್ ಕೊನೆಗಾಲದಲ್ಲಿ ಕಂಡುಕೊಂಡಿದ್ದ. 1878ರಲ್ಲಿ ಬೆಲ್ಜಿಯಂನ ಗಣಿಯಲ್ಲಿ ಇಡೀ ಅಸ್ಥಿಪಂಜರಗಳು ಸಿಕ್ಕಾಗ ಮಾಂಟೆಲ್ ಮಾತೇ ಸರಿಯಾಯಿತು.

ಬೇರೆಯವರಿಗೆ ಹೊರಟಿದ್ದ ಡೋಡೋ

ಹಾರಲಾರದ ಇನ್ನೊಂದು ಹಕ್ಕಿಯ ವಿಷಯದಲ್ಲೂ ಓವೆನ್ ಹೀಗೇ ನಡೆದುಕೊಂಡ. ಮಾರಿಷಸ್‌ನ ಡೋಡೋ 17ನೇ ಶತಮಾನ ಮುಗಿಯುವಷ್ಟರಲ್ಲಿ ಅಳಿದುಹೋಗಿತ್ತು. ಯುರೋಪಿನಲ್ಲಿ ಉಳಿದಿದ್ದು ಒಂದೆರಡು ತಲೆ, ಕಾಲು ಮತ್ತು ಹಳೆಯ ಚಿತ್ರಗಳು ಮಾತ್ರ. 1865ರಲ್ಲಿ ಮಾರಿಷಸ್‌ನ ಮಾರ್ ಓ ಸಾಂಜ್ ಎಂಬ ಜೌಗಿನಲ್ಲಿ ಮಣ್ಣು ತೆಗೆಯುತ್ತಿದ್ದ ಕೂಲಿಗಳಿಗೆ ಎಲುಬುಗಳು ಸಿಗತೊಡಗಿದವು. ವರ್ಷಗಳಿಂದ ಡೋಡೋ ಮೂಳೆಗೆ ಹುಡುಕಾಡುತ್ತಿದ್ದ ಶಾಲಾ ಮೇಷ್ಟ್ರು ಜಾರ್ಜ್ ಕ್ಲಾರ್ಕ್ ಆ ಕೆಸರಿಗೆ ಆಳುಗಳನ್ನು ಇಳಿಸಿ, ಕಾಲಿನಿಂದ ತಡಕಿಸಿ, ರಾಶಿ ಮೂಳೆ ಹೊರತೆಗೆಸಿದ.

ಅದರಲ್ಲೊಂದು ಕಂತು ಕೇಂಬ್ರಿಜ್‌ನ ಪಕ್ಷಿತಜ್ಞ ಆಲ್ಫ್ರೆಡ್ ನ್ಯೂಟನ್‌ಗೆ ಸೇರಬೇಕಿತ್ತು. ಬ್ರಿಟಿಷ್ ಮ್ಯೂಸಿಯಂನಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಓವೆನ್ ತನ್ನ ಪ್ರಭಾವ ಬಳಸಿ ಅದನ್ನು ತನ್ನ ಕಡೆಗೆ ತಿರುಗಿಸಿಕೊಂಡ. ನ್ಯೂಟನ್ ಸಿದ್ಧಪಡಿಸಿದ್ದ ಪ್ರಬಂಧವನ್ನು ಹಿಂದಕ್ಕೆ ಪಡೆಯಬೇಕಾಯಿತು. 1866ರಲ್ಲಿ ಡೋಡೋ ಕುರಿತ ಓವೆನ್ ಪುಸ್ತಕ ಹೊರಬಂತು.

ಅವಸರಕ್ಕೆ ಬೆಲೆ ತೆರಬೇಕಾಯಿತು. ಹಳೆಯ ವರ್ಣಚಿತ್ರವೊಂದರ ಹೊರಗೆರೆಯೊಳಗೆ ಎಲುಬುಗಳನ್ನು ಕೂರಿಸಿದ್ದರಿಂದ ಓವೆನ್ ಡೋಡೋ ಕುಳ್ಳಾಗಿ, ಕುಕ್ಕರುಗಾಲಲ್ಲಿ ಕೂತಂತೆ ಕಾಣುತ್ತಿತ್ತು. ಕೆಲವು ವರ್ಷಗಳ ನಂತರ ಆತನೇ ಅದನ್ನು ತಿದ್ದಿ, ನೆಟ್ಟಗೆ ನಿಲ್ಲಿಸಿದ. ಅಷ್ಟರಲ್ಲಿ ಬೊಜ್ಜು ಮೈಯ ಪೆದ್ದು ಹಕ್ಕಿಯ ಚಿತ್ರ ಜನರ ಮನಸ್ಸಿನಲ್ಲಿ ಬೇರುಬಿಟ್ಟಿತ್ತು.

ಡಾರ್ವಿನ್ ದೂರವಾದದ್ದು

ಚಾರ್ಲ್ಸ್ ಡಾರ್ವಿನ್ 1836ರಲ್ಲಿ ಬೀಗಲ್ ಹಡಗಿನಿಂದ ಮರಳಿದಾಗ, ದಕ್ಷಿಣ ಅಮೆರಿಕದಿಂದ ತಂದ ಪಳೆಯುಳಿಕೆಗಳನ್ನು ಓದಿ ಹೇಳಿದವನು ಓವೆನ್. ಇಬ್ಬರೂ ಸ್ನೇಹಿತರಾಗಿದ್ದರು. 1859ರಲ್ಲಿ ಡಾರ್ವಿನ್ ವಿಕಾಸವಾದದ ಪುಸ್ತಕ ಪ್ರಕಟಿಸಿದ ಮೇಲೆ ಅದು ಮುರಿಯಿತು. ಮರುವರ್ಷ ಎಡಿನ್‌ಬರೋ ರಿವ್ಯೂ ಪತ್ರಿಕೆಯಲ್ಲಿ ಓವೆನ್ ಹೆಸರು ಹಾಕದೆ ಕಟುವಾದ ವಿಮರ್ಶೆ ಬರೆದ. ಡಾರ್ವಿನ್‌ನನ್ನು ಜರೆದದ್ದರ ಜೊತೆಗೆ ಓವೆನ್ ಎಂಬ ಪ್ರೊಫೆಸರ್‌ನನ್ನು ಹೊಗಳಿಯೂ ಇದ್ದ. ಬರೆದವನು ಯಾರೆಂಬುದು ಗುಟ್ಟಾಗಿ ಉಳಿಯಲಿಲ್ಲ. ಮನುಷ್ಯನ ಮಿದುಳಿನಲ್ಲಿ ವಾನರರಿಗಿಲ್ಲದ ಭಾಗವೊಂದಿದೆ ಎಂಬ ಓವೆನ್ ವಾದವನ್ನು ಥಾಮಸ್ ಹಕ್ಸ್‌ಲಿ ವಾನರರ ಮಿದುಳನ್ನೇ ತೋರಿಸಿ ಬಹಿರಂಗವಾಗಿ ಸುಳ್ಳು ಮಾಡಿದ. ಮೂಳೆಯ ವಿಷಯದಲ್ಲಿ ಎದುರಿಲ್ಲದ ಓವೆನ್ ಆ ಜಗಳದಲ್ಲಿ ಸೋತ.

ಎಲ್ಲರಿಗೂ ತೆರೆದ ಬಾಗಿಲು

ಇಷ್ಟು ಓದಿದವರಿಗೆ ಓವೆನ್ ಬರೀ ಸಣ್ಣ ಮನಸ್ಸಿನವನೆನಿಸಿದರೆ ಅದೂ ಪೂರ್ತಿ ನಿಜವಲ್ಲ. 1856ರಲ್ಲಿ ಬ್ರಿಟಿಷ್ ಮ್ಯೂಸಿಯಂನ ಪ್ರಕೃತಿ ವಿಭಾಗಗಳ ಮೇಲ್ವಿಚಾರಕನಾದಾಗ ಅಲ್ಲಿ ಪ್ರಾಣಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಪ್ರಕೃತಿಗೇ ಬೇರೆ ಕಟ್ಟಡ ಬೇಕು, ಅದರಲ್ಲಿ ತಿಮಿಂಗಿಲವನ್ನು ಇಡಿಯಾಗಿ ಇಡುವಷ್ಟು ಜಾಗ ಬೇಕು ಎಂದು 1859ರಲ್ಲಿ ಯೋಜನೆ ಮುಂದಿಟ್ಟ. ತಿಮಿಂಗಿಲಕ್ಕೊಂದು ಅರಮನೆಯೇ ಎಂದು ಹಲವರು ನಕ್ಕರು. 1862ರಲ್ಲಿ ಪಾರ್ಲಿಮೆಂಟಿನಲ್ಲಿ ಮಸೂದೆಯೂ ಬಿತ್ತು.

ವಿಜ್ಞಾನಿಗಳಲ್ಲಿ ಅನೇಕರ ಎಣಿಕೆಯೇ ಬೇರೆ ಇತ್ತು. ಸಂಗ್ರಹ ಇರುವುದು ತಿಳಿದವರ ಅಧ್ಯಯನಕ್ಕೆ, ಜನಸಾಮಾನ್ಯರಿಗೆ ನಾಲ್ಕು ಮಾದರಿ ತೋರಿಸಿದರೆ ಸಾಕು ಎಂದು ಅವರು ವಾದಿಸುತ್ತಿದ್ದರು. ಓವೆನ್ ಒಪ್ಪಲಿಲ್ಲ. ಕೂಲಿಕಾರ, ಅಂಗಡಿಯವ, ಶಾಲೆಯ ಮಗು ಯಾರೇ ಬಂದರೂ ಸೃಷ್ಟಿಯ ವೈವಿಧ್ಯವನ್ನು ಕಣ್ತುಂಬ ನೋಡುವಂತಿರಬೇಕು ಎಂದು ಹಟ ಹಿಡಿದ. ಗ್ಲಾಡ್‌ಸ್ಟನ್‌ನಂಥ ರಾಜಕಾರಣಿಗಳನ್ನು ಒಲಿಸಿಕೊಂಡ. ಸೌತ್ ಕೆನ್ಸಿಂಗ್ಟನ್‌ನಲ್ಲಿ ಜಾಗ ಸಿಕ್ಕಿತು. ಆಲ್ಫ್ರೆಡ್ ವಾಟರ್‌ಹೌಸ್ ವಿನ್ಯಾಸದ ಕಟ್ಟಡದ ಕೆಲಸ 1873ರಲ್ಲಿ ಶುರುವಾಗಿ, 1881ರ ಏಪ್ರಿಲ್ 18ರಂದು ಬಾಗಿಲು ತೆರೆಯಿತು. ಓವೆನ್‌ಗೆ ಆಗ 76 ವರ್ಷ. ಕನಸಿನ ನಕ್ಷೆ ಬರೆದು 22 ವರ್ಷ ಕಳೆದಿತ್ತು.

ಆ ಕಟ್ಟಡದ ಗೋಡೆಯ ಮೇಲೆ ಸುಟ್ಟ ಮಣ್ಣಿನ ಪ್ರಾಣಿಗಳಿವೆ. ಒಂದು ಬದಿಗೆ ಈಗ ಬದುಕಿರುವವು, ಇನ್ನೊಂದು ಬದಿಗೆ ಅಳಿದುಹೋದವು. ಹಾಗೆ ವಿಂಗಡಿಸಬೇಕೆಂದವನು ಓವೆನ್.

ಮೂಳೆ ಹಿಡಿದು ನಿಂತ ಮುದುಕ

1879ರಲ್ಲಿ ನ್ಯೂಜಿಲೆಂಡಿನ ಅಳಿದ ಹಕ್ಕಿಗಳ ಕುರಿತ ತನ್ನ 40 ವರ್ಷಗಳ ಬರಹಗಳನ್ನು ಓವೆನ್ ಒಟ್ಟುಗೂಡಿಸಿ ಪ್ರಕಟಿಸಿದ. ಅದರಲ್ಲೊಂದು ಪ್ರಸಿದ್ಧ ಚಿತ್ರವಿದೆ. ಎರಡಾಳೆತ್ತರದ ಮೋವಾ ಅಸ್ಥಿಪಂಜರದ ಪಕ್ಕ ನಿಲುವಂಗಿ ತೊಟ್ಟ ಮುದುಕ ನಿಂತಿದ್ದಾನೆ. ಕೈಯಲ್ಲಿ ರೂಲ್ ತಂದ ಅದೇ 6 ಇಂಚಿನ ತುಂಡು. ಜಿರಾಫೆಯಂತೆ ಕತ್ತೆತ್ತಿ ನಿಂತ ಆ ಮೋವಾ ಭಂಗಿಯೂ ಸರಿಯಲ್ಲ, ಅದು ಕತ್ತನ್ನು ಮುಂದಕ್ಕೆ ಚಾಚಿ ನಡೆಯುತ್ತಿತ್ತು ಎಂಬುದು ಇವತ್ತಿನ ತಿಳಿವಳಿಕೆ.

ಕೊನೆಯ ವರ್ಷಗಳು ಸುಖದವೇನಲ್ಲ. ಕ್ಯಾರೊಲೀನ್ 1873ರಲ್ಲೇ ಹೋಗಿದ್ದಳು. ಒಬ್ಬನೇ ಮಗ ವಿಲಿಯಂ 1886ರಲ್ಲಿ ಥೇಮ್ಸ್ ನದಿಯ ಪಾಲಾದ. ವಿಕ್ಟೋರಿಯಾ ರಾಣಿ ಕೊಟ್ಟಿದ್ದ ರಿಚ್ಮಂಡ್ ಪಾರ್ಕಿನ ಮನೆಯಲ್ಲಿ ಸೊಸೆ, ಮೊಮ್ಮಕ್ಕಳ ಜೊತೆ ಓವೆನ್ ಉಳಿದ. 1884ರಲ್ಲಿ ಸರ್ ಪದವಿ ಬಂತು. 1892ರ ಡಿಸೆಂಬರ್ 18ರಂದು, 88ನೇ ವಯಸ್ಸಿನಲ್ಲಿ ಕಣ್ಣುಮುಚ್ಚಿದ.

ಮೊಮ್ಮಗ ಅಜ್ಜನ ಜೀವನಚರಿತ್ರೆ ಬರೆದಾಗ, ಅಂಗರಚನಾ ಶಾಸ್ತ್ರದಲ್ಲಿ ಓವೆನ್ ಸ್ಥಾನವೇನು ಎಂಬ ಭಾಗವನ್ನು ಬರೆದುಕೊಟ್ಟವನು ಹಳೆಯ ವೈರಿ ಹಕ್ಸ್‌ಲಿ. ಓವೆನ್ ಪ್ರತಿಮೆ ನಿಲ್ಲಿಸುವ ಸಭೆಯಲ್ಲೂ ಹಕ್ಸ್‌ಲಿ ಅದನ್ನು ಬೆಂಬಲಿಸಿ ಮಾತನಾಡಿದ. ಯಾರಿಗೆ ಎಷ್ಟು ಸಲ್ಲಬೇಕೋ ಅಷ್ಟನ್ನು, ವೈರವನ್ನು ಪಕ್ಕಕ್ಕಿಟ್ಟು ಸಲ್ಲಿಸಿದ.

ಮ್ಯೂಸಿಯಂನ ಮುಖ್ಯ ಸಭಾಂಗಣದ ಮೆಟ್ಟಿಲ ಮೇಲೆ ಓವೆನ್ ಪ್ರತಿಮೆ ದಶಕಗಳ ಕಾಲ ನಿಂತಿತ್ತು. ಡಾರ್ವಿನ್ ಹುಟ್ಟಿ 200 ವರ್ಷ ತುಂಬುವ ಹೊತ್ತಿಗೆ ಅದನ್ನು ಪಕ್ಕಕ್ಕೆ ಸರಿಸಿ, ಆ ಜಾಗದಲ್ಲಿ ಡಾರ್ವಿನ್ ಪ್ರತಿಮೆಯನ್ನು ಮರಳಿ ಕೂರಿಸಿದರು. ಆದರೆ ಕೆಳಗೆ, ಡೈನೋಸಾರ್ ನೋಡಲು ಅಪ್ಪ ಅಮ್ಮನ ಕೈ ಎಳೆದುಕೊಂಡು ಓಡುವ ಮಕ್ಕಳಿಗೆ ಈ ಜಗಳದ ಅರಿವಿಲ್ಲ. ಅವರು ಹೊಕ್ಕ ಬಾಗಿಲನ್ನೂ, ಅವರ ನಾಲಿಗೆಯ ಮೇಲಿರುವ ಪದವನ್ನೂ ಓವೆನ್ ಕೊಟ್ಟ. ಪಾವರ್ಟಿ ಬೇಯ ಪಾದ್ರಿ, ಊರೂರು ಸುತ್ತಿದ ಕೊಲೆನ್ಸೊ, ಬೆನ್ನು ಮುರಿದ ಮಾಂಟೆಲ್, ಕೆಸರಿಗೆ ಆಳು ಇಳಿಸಿದ ಮೇಷ್ಟ್ರು ಇವರ ಹೆಸರುಗಳನ್ನೂ ಜೊತೆಗೆ ಹೇಳಿದ್ದರೆ ಆತನ ಕೀರ್ತಿಯಲ್ಲಿ ಒಂದು ಗುಲಗಂಜಿ ತೂಕವೂ ಕಡಿಮೆಯಾಗುತ್ತಿರಲಿಲ್ಲ.